ಮಾರುತದ ಹೊಟ್ಟೆಯ ಕೆಳಗೆ

ನೀವು ಬೆಂಗಳೂರಿನ ಪೂರ್ವ ಭಾಗದಲ್ಲಿ ಕೆಲಸ ಮಾಡೋರಾದರೆ ಸುರಂಜನ್ ದಾಸ್ ರಸ್ತೆ ನಿಮಗೆ ಗೊತ್ತೇ ಇರುತ್ತೆ. ಹಳೇ ಮದ್ರಾಸ್ ರಸ್ತೆಯನ್ನ ಹಳೇ ಏರ್‌ಪೋರ್ಟ್ ರಸ್ತೆಗೆ ಸೇರಿಸೋ ರಸ್ತೆ. ಸಂಜೆ ಆರರ ನಂತರ ಮ್ಯಾಪ್‌ನಲ್ಲಿ ಅದು ಕೆಂಪಗಿಲ್ಲದ ದಿನ ಕಡಿಮೆ. ಕ್ಯಾಬ್ ಡ್ರೈವರ್ ಫೋನಿನೊಳಗಿನ ಹುಡುಗಿ ಆ ಹೆಸರನ್ನ ದಿನಕ್ಕೊಂದು ಥರ ಉಚ್ಚರಿಸುತ್ತಾಳೆ. ಅಲ್ಲೇ ಪಕ್ಕದಲ್ಲಿ ವಿಂಡ್ ಟನಲ್ ರಸ್ತೆ, ಸ್ವಲ್ಪ ಮುಂದೆ ವಿಮಾನಪುರ. ಹೆಸರುಗಳೆಲ್ಲ ಆಕಾಶದವು, ಗಾಡಿಗಳು ಮಾತ್ರ ನಿಂತಲ್ಲೇ ನಿಂತಿರುತ್ತವೆ.

ಈ ಹೆಸರುಗಳಿಗೆಲ್ಲ ಅರ್ಥ ಸಿಗೋ ಒಂದು ಜಾಗ ಅದೇ ಹಳೇ ಏರ್‌ಪೋರ್ಟ್ ರಸ್ತೆಯಲ್ಲಿದೆ. ಎಚ್‌ಎಎಲ್‌ನವರು 2001ರಲ್ಲಿ ತೆರೆದ ವೈಮಾನಿಕ ಮ್ಯೂಸಿಯಂ. ಶಾಲೆಯ ಮಕ್ಕಳು ಬಸ್ಸಿನಲ್ಲಿ ಬರ್ತಾರೆ, ಭಾನುವಾರ ಫ್ಯಾಮಿಲಿಗಳು ಬರ್ತಾರೆ. ಆ ದಾರಿಯಲ್ಲಿ ದಿನಾ ಆಫೀಸಿಗೆ ಹೋಗೋ ನಮ್ಮಂಥವರು ಮಾತ್ರ ಗೇಟು ದಾಟಿ ಸೀದಾ ಮಾರತ್‌ಹಳ್ಳಿ ಕಡೆ ಹೋಗಿಬಿಡ್ತೀವಿ.

ನಾನು ಹೋಗಿದ್ದು ದೊಡ್ಡಪ್ಪನ ಕಾರಣಕ್ಕೆ. ದೊಡ್ಡಪ್ಪನಿಗೆ ಈಗ ಎಪ್ಪತ್ತೊಂಬತ್ತು. 1966ರಲ್ಲಿ ಅದೇ ವಿಮಾನ ಕಾರ್ಖಾನೆಗೆ ಫಿಟ್ಟರ್ ಆಗಿ ಸೇರಿ, ಅಲ್ಲೇ ರಿಟೈರ್ ಆದವರು. ಈಗ ತುಮಕೂರಿನಲ್ಲಿ ಮಗನ ಮನೆಯಲ್ಲಿದ್ದಾರೆ. ಕಣ್ಣು ತೋರಿಸೋಕೆ ಅಂತ ನಮ್ಮನೆಗೆ ಬಂದಿದ್ದರು. ಮ್ಯೂಸಿಯಂ ತೆರೆದು ಇಷ್ಟು ವರ್ಷ ಆದರೂ ಒಮ್ಮೆಯೂ ನೋಡಿರಲಿಲ್ಲ. ಕೇಳಿದರೆ, "ಕೆಲಸ ಮಾಡಿದ ಜಾಗಕ್ಕೆ ಟಿಕೆಟ್ ತಗೊಂಡು ಹೋಗೋದಾ?" ಅನ್ನೋರು. ಈ ಸಲ ಯಾಕೋ ಅವರೇ, "ನಿನಗೆ ಪುರುಸೊತ್ತಿದ್ರೆ ಹೋಗಿಬರೋಣ ಕಣಮ್ಮಾ" ಅಂದ್ರು.

ಪುರುಸೊತ್ತು ನನಗೆ ಬೇಕಾದಷ್ಟಿತ್ತು. ಮೂರು ವರ್ಷದಿಂದ ನಾವು ಹನ್ನೊಂದು ಜನ ಕಟ್ಟುತ್ತಿದ್ದ ಪ್ರಾಡಕ್ಟನ್ನ ಕಂಪನಿ ಹಿಂದಿನ ತಿಂಗಳು ಒಂದು ಗುರುವಾರ, ಇಪ್ಪತ್ತು ನಿಮಿಷದ ಕಾಲ್‌ನಲ್ಲಿ ಮುಚ್ಚಿತ್ತು. ನಾಲ್ಕು ಜನಕ್ಕೆ ಕೆಲಸ ಹೋಯಿತು, ಉಳಿದವರನ್ನ ಬೇರೆ ಬೇರೆ ಟೀಮುಗಳಿಗೆ ಹಂಚಿದರು. ನನಗೆ ಉಳಿದಿದ್ದು ತಿಂಗಳ ಕೊನೆಯೊಳಗೆ ಒಂದು ಹ್ಯಾಂಡೋವರ್ ಡಾಕ್ಯುಮೆಂಟ್ ಬರೆಯೋ ಕೆಲಸ. ಯಾರೂ ಓದಲ್ಲ ಅಂತ ಗೊತ್ತಿರೋ ಡಾಕ್ಯುಮೆಂಟನ್ನ ಬರೆಯೋದು ಎಷ್ಟು ನಿಧಾನ ಅನ್ನೋದು ಬರೆದವರಿಗೇ ಗೊತ್ತು.

ಒಳಗೆ ಮೊದಲು ಸಿಗೋದು ಫೋಟೊಗಳ ಹಾಲ್. 1940ರಿಂದ ಶುರುವಾಗಿ ದಶಕದಿಂದ ದಶಕಕ್ಕೆ ಗೋಡೆಯ ಮೇಲೆ ನಡೆದುಕೊಂಡು ಹೋಗಬಹುದು. 1940ರ ಡಿಸೆಂಬರ್‌ನಲ್ಲಿ ವಾಲ್‌ಚಂದ್ ಹೀರಾಚಂದ್ ಅನ್ನೋ ಉದ್ಯಮಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಶುರುಮಾಡಿದರು. ಆಗ ಮೈಸೂರಿನ ದಿವಾನರಾಗಿದ್ದವರು ಮಿರ್ಜಾ ಇಸ್ಮಾಯಿಲ್. ಸಂಸ್ಥಾನ ಜಾಗ ಕೊಟ್ಟಿತು, ಬಂಡವಾಳದಲ್ಲೂ ಪಾಲು ಹಾಕಿತು. ಮರುವರ್ಷವೇ ಹಾರ್ಲೋ ಅನ್ನೋ ಟ್ರೇನರ್ ವಿಮಾನವನ್ನ ಇಲ್ಲಿ ಜೋಡಿಸಿ ಹಾರಿಸಿದರು. ಆಮೇಲೆ ಯುದ್ಧದ ಕಾಲ. ಅಮೆರಿಕದ ವಿಮಾನಗಳು ರಿಪೇರಿಗೆ ಇಲ್ಲಿಗೆ ಬರುತ್ತಿದ್ದವು. ನಮ್ಮವರೇ ವಿನ್ಯಾಸ ಮಾಡಿದ ಎಚ್‌ಟಿ-2 ಹಾರಿದ್ದು 1951ರಲ್ಲಿ, ಡಾ. ವಿ. ಎಂ. ಘಾಟಗೆಯವರ ಮುಂದಾಳತ್ವದಲ್ಲಿ. ಸ್ವಾತಂತ್ರ್ಯ ಬಂದು ನಾಲ್ಕೇ ವರ್ಷ ಆಗಿತ್ತು. ಆ ಪುಟ್ಟ ವಿಮಾನ 150ಕ್ಕೂ ಹೆಚ್ಚು ತಯಾರಾಯಿತು, ವಾಯುಪಡೆಯ ಎಷ್ಟೋ ಪೈಲಟ್‌ಗಳು ಹಾರೋದು ಕಲಿತಿದ್ದು ಅದರಲ್ಲೇ.

ದೊಡ್ಡಪ್ಪ ಇದ್ಯಾವುದನ್ನೂ ಓದುತ್ತಿರಲಿಲ್ಲ. ಕನ್ನಡಕ ಹಣೆಗೇರಿಸಿ ಪ್ರತಿ ಫೋಟೊಗೂ ಮೂಗು ತಾಗಿಸೋ ಹಾಗೆ ನಿಲ್ಲುತ್ತಿದ್ದರು. ಗುಂಪು ಫೋಟೊಗಳಲ್ಲಿ ಹಿಂದಿನ ಸಾಲನ್ನ ನೋಡುತ್ತಿದ್ದರು ಅನ್ನೋದು ಆಮೇಲೆ ಗೊತ್ತಾಯಿತು. ಮಂತ್ರಿಗಳು, ಅಧಿಕಾರಿಗಳು, ಪೈಲಟ್‌ಗಳು ಮುಂದೆ. ಹಿಂದೆ ಖಾಕಿ ಬಟ್ಟೆಯ, ಫೋಕಸ್ ಆಗದ ಮುಖಗಳು.

"ನೀವಿದ್ದೀರಾ ದೊಡ್ಡಪ್ಪ?"

"ನಾನಿಲ್ಲ. ಆದ್ರೆ ಈ ಶೆಡ್ಡು ನಮ್ದೇ. ಆ ಮೂರನೇ ಕಂಬದ ಹತ್ರ ನನ್ನ ಬೆಂಚಿತ್ತು."

ಫೋಟೊದಲ್ಲಿ ಮೂರನೇ ಕಂಬ ಅರ್ಧವಷ್ಟೇ ಕಾಣುತ್ತಿತ್ತು.

ಪಕ್ಕದ ಹಾಲ್‌ನಲ್ಲಿ ಎಂಜಿನ್‌ಗಳನ್ನ ಸೀಳಿ, ಒಳಗೆ ಏನಿದೆ ಅಂತ ತೋರಿಸಿದ್ದಾರೆ. ಜೆಟ್ ಎಂಜಿನ್ ಕೆಲಸ ಹೇಳೋಕೆ ಸುಲಭ. ಮುಂದಿನಿಂದ ಗಾಳಿ ಎಳೆದುಕೊಳ್ಳುತ್ತೆ, ಅದನ್ನ ಒತ್ತಿ ಒತ್ತಿ ಬಿಗಿ ಮಾಡುತ್ತೆ, ಇಂಧನ ಸೇರಿಸಿ ಉರಿಸುತ್ತೆ, ಬಿಸಿಗಾಳಿಯನ್ನ ಹಿಂದಕ್ಕೆ ಉಗುಳುತ್ತೆ. ಹೋಗೋ ದಾರಿಯಲ್ಲಿ ಆ ಬಿಸಿಗಾಳಿ ಒಂದು ಟರ್ಬೈನ್ ತಿರುಗಿಸುತ್ತೆ, ಅದೇ ಮುಂದಿನ ಕಂಪ್ರೆಸರ್‌ಗೂ ಶಕ್ತಿ. ಇಷ್ಟೇ. ಮಾಡೋದು ಮಾತ್ರ ಕಷ್ಟ. ಇವತ್ತಿನ ಫೈಟರ್ ಎಂಜಿನ್‌ನಲ್ಲಿ ಉರಿಯೋ ಗಾಳಿಯ ಬಿಸಿ, ಟರ್ಬೈನ್ ಎಲೆಯ ಲೋಹ ಕರಗೋ ಬಿಸಿಗಿಂತ ಜಾಸ್ತಿ ಇರುತ್ತೆ. ಆ ಎಲೆಗಳೊಳಗೆ ಕೂದಲೆಳೆಯಂಥ ದಾರಿ ಕೊರೆದು, ತಂಪು ಗಾಳಿ ಹರಿಸಿ ಕರಗದ ಹಾಗೆ ಕಾಪಾಡಬೇಕು. ಹೀಗೆ ಫೈಟರ್ ಎಂಜಿನ್‌ನ ಪೂರ್ತಿ ತಾವೇ ಮಾಡಬಲ್ಲ ದೇಶಗಳನ್ನ ಕೈಬೆರಳಲ್ಲಿ ಎಣಿಸಬಹುದು. ಹೊರಗೆ ನಿಂತಿರೋ ಮಾರುತದ ಕತೆ ಅರ್ಥ ಆಗಬೇಕಾದರೆ ಈ ಒಂದು ವಿಷಯ ತಲೆಯಲ್ಲಿಟ್ಕೊಂಡಿರಬೇಕು.

ಮಾರುತ, ಅಂದರೆ ಎಚ್‌ಎಫ್-24. ಭಾರತದಲ್ಲೇ ವಿನ್ಯಾಸವಾಗಿ ಭಾರತದಲ್ಲೇ ತಯಾರಾದ ಮೊದಲ ಜೆಟ್ ಫೈಟರ್. ಮ್ಯೂಸಿಯಂನ ಅಂಗಳದಲ್ಲಿ ಬೇರೆ ವಿಮಾನಗಳ ಜೊತೆ ನಿಂತಿದೆ. ಉದ್ದ ಮೂಗು, ಸಣ್ಣ ಸೊಂಟ, ಹಿಂದಕ್ಕೆ ಬಾಗಿದ ರೆಕ್ಕೆ. ವಿಮಾನಗಳ ಬಗ್ಗೆ ಏನೂ ಗೊತ್ತಿಲ್ಲದವರೂ ಅದರ ಮುಂದೆ ಒಂದು ನಿಮಿಷ ನಿಲ್ಲುತ್ತಾರೆ, ಅಷ್ಟು ಚೆನ್ನಾಗಿದೆ.

ಅದನ್ನ ವಿನ್ಯಾಸ ಮಾಡಿದ ತಂಡದ ಮುಖ್ಯಸ್ಥ ಕುರ್ಟ್ ಟ್ಯಾಂಕ್. ಎರಡನೇ ಮಹಾಯುದ್ಧದಲ್ಲಿ ಜರ್ಮನಿಯ ಹೆಸರಾಂತ ಫೋಕೆ-ವುಲ್ಫ್ 190 ವಿಮಾನವನ್ನ ರೂಪಿಸಿದವರು. ಯುದ್ಧ ಮುಗಿದ ಮೇಲೆ ಅರ್ಜೆಂಟೀನಾಕ್ಕೆ ಹೋಗಿ, ಅಲ್ಲಿಂದ 1956ರಲ್ಲಿ ಬೆಂಗಳೂರಿಗೆ ಬಂದರು. ಶಬ್ದದ ಎರಡು ಪಟ್ಟು ವೇಗದಲ್ಲಿ ಹಾರೋ ಫೈಟರ್ ಬೇಕು ಅಂತ ವಾಯುಪಡೆ ಕೇಳಿತ್ತು. ಮೊದಲು ಅದೇ ಅಳತೆಯ ಮರದ ಗ್ಲೈಡರ್ ಮಾಡಿದರು. ಅದಕ್ಕೆ ಎಂಜಿನ್ ಇಲ್ಲ. 1959ರಲ್ಲಿ ಡಕೋಟ ವಿಮಾನ ಅದನ್ನ ಎಳೆದುಕೊಂಡು ಮೇಲಕ್ಕೆ ಹೋಗಿ ಬಿಡುತ್ತಿತ್ತು, ಅದು ತೇಲಿಕೊಂಡು ಇಳಿಯುತ್ತಿತ್ತು. ನಿಜವಾದ ಮಾರುತ ಹಾರಿದ್ದು 1961ರ ಜೂನ್ 17ರಂದು. ಹಾರಿಸಿದವರು ಟೆಸ್ಟ್ ಪೈಲಟ್ ಸುರಂಜನ್ ದಾಸ್. ಹೌದು, ರಸ್ತೆಯ ದಾಸ್ ಅವರೇ.

ವಿಮಾನ ಸಿದ್ಧವಾಯಿತು, ಎಂಜಿನ್ ಸಿಗಲಿಲ್ಲ. ಟ್ಯಾಂಕ್ ಲೆಕ್ಕ ಹಾಕಿದ್ದು ಬ್ರಿಟನ್ನಿನಲ್ಲಿ ತಯಾರಾಗುತ್ತಿದ್ದ ಒಂದು ಬಲಶಾಲಿ ಎಂಜಿನ್‌ಗೆ. ಬ್ರಿಟಿಷರಿಗೆ ಅದು ಬೇಡವಾಯಿತು. ಮುಂದುವರಿಸಬೇಕಾದರೆ ಖರ್ಚು ಭಾರತ ಕೊಡಬೇಕಿತ್ತು, ಭಾರತ ಕೊಡಲಿಲ್ಲ. ಈಜಿಪ್ಟ್ ಮಾಡುತ್ತಿದ್ದ ಎಂಜಿನ್ ನೋಡಿದರು, ಅದೂ ಕೈಗೂಡಲಿಲ್ಲ. ಕೊನೆಗೆ ಇದ್ದಿದ್ದು ಚಿಕ್ಕ ಆರ್ಫಿಯಸ್ ಎಂಜಿನ್. ಅದನ್ನೇ ಎರಡು ಕೂರಿಸಿದರು. ಶಬ್ದದ ಎರಡು ಪಟ್ಟು ವೇಗಕ್ಕೆ ಅಂತ ಮಾಡಿದ ಮೈ, ಶಬ್ದದ ವೇಗವನ್ನ ದಾಟೋಕೇ ಒದ್ದಾಡುವಂತಾಯಿತು. 1977ರ ತನಕ 147 ವಿಮಾನ ತಯಾರಾದವು, 1990ರ ಹೊತ್ತಿಗೆ ಎಲ್ಲವೂ ನೆಲಕ್ಕಿಳಿದವು.

ನಮ್ಮ ಪಕ್ಕ ಇಬ್ಬರು ಹುಡುಗರು ನಿಂತಿದ್ದರು, ಕಾಲೇಜಿನವರಿರಬೇಕು. ಒಬ್ಬ ಫೋನ್ ನೋಡಿ ಇನ್ನೊಬ್ಬನಿಗೆ ಹೇಳಿದ: "ಇದು ಫೇಲಾಗಿದ್ದು ಮಗಾ. ಅಂಡರ್‌ಪವರ್ಡ್." ಸೆಲ್ಫಿ ತಗೊಂಡು ಮಿಗ್-21 ಕಡೆ ಹೋದರು.

ನಾನು ದೊಡ್ಡಪ್ಪನ ಮುಖ ನೋಡಿದೆ. ಬೇಜಾರೇನೂ ಕಾಣಲಿಲ್ಲ. "ಸರಿಯಾಗೇ ಹೇಳ್ದ," ಅಂದ್ರು. "ಎಂಜಿನ್ ಸಾಲ್ತಿರ್ಲಿಲ್ಲ. ಎಲ್ರಿಗೂ ಗೊತ್ತಿತ್ತು."

"ಗೊತ್ತಿದ್ದೂ ಹತ್ತು ವರ್ಷ ಅದೇ ಕೆಲಸ ಮಾಡಿದ್ರಾ?"

"ಎಂಜಿನ್ ನನ್ ಕೆಲಸ ಅಲ್ವಲ್ಲಮ್ಮಾ. ನನ್ ಕೆಲಸ ಇದು." ರೆಕ್ಕೆಯ ಕೆಳಗೆ ಬಗ್ಗಿ, ಸಾಲಾಗಿರೋ ರಿವೆಟ್‌ಗಳನ್ನ ತೋರಿಸಿದರು. ಮುಟ್ಟಬೇಡಿ ಅನ್ನೋ ಬೋರ್ಡಿತ್ತು. ಅವರು ಮುಟ್ಟಲಿಲ್ಲ. ಒಂದು ಅಂಗುಲ ದೂರದಲ್ಲಿ ಬೆರಳು ಓಡಿಸಿದರು.

ರಿವೆಟ್ ಹೊಡೆಯೋದು ಒಬ್ಬರ ಕೆಲಸ ಅಲ್ಲವಂತೆ. ತಗಡಿನ ಹೊರಗೆ ಒಬ್ಬ ಗನ್ ಹಿಡಿದಿರ್ತಾನೆ, ಒಳಗಡೆ ಇನ್ನೊಬ್ಬ ಉಕ್ಕಿನ ದಪ್ಪ ತುಂಡು ಒತ್ತಿ ಹಿಡ್ಕೊಂಡಿರ್ತಾನೆ. ಗನ್ ಹೊಡೆದಾಗ ರಿವೆಟ್‌ನ ಬಾಲ ಆ ಉಕ್ಕಿಗೆ ಬಡಿದು ಚಪ್ಪಟೆ ಆಗಬೇಕು. ಒಬ್ಬರಿಗೊಬ್ಬರು ಕಾಣಲ್ಲ, ಗದ್ದಲದಲ್ಲಿ ಮಾತು ಕೇಳಲ್ಲ. ಒಳಗಿರೋನು ತಗಡಿಗೆ ಒಂದು ಸಲ ತಟ್ಟಿದರೆ ಇನ್ನೂ ಹೊಡಿ ಅಂತ, ಎರಡು ಸಲ ತಟ್ಟಿದರೆ ಸರಿಯಾಯ್ತು, ಮೂರು ಸಲ ತಟ್ಟಿದರೆ ಕೆಟ್ಟಿದೆ, ಕಿತ್ತು ಬೇರೆ ಹಾಕು. ಆಗ ಸಣ್ಣಗಿದ್ದ ದೊಡ್ಡಪ್ಪ ಯಾವಾಗಲೂ ಒಳಗಡೆ.

"ಹೊರಗಿರೋನು ಸುಳ್ಳು ಹೇಳೋಕೆ ಆಗಲ್ಲ. ರಿವೆಟ್ ತಲೆ ಎಲ್ರಿಗೂ ಕಾಣ್ಸುತ್ತೆ. ಒಳಗಿರೋನು ಎರಡು ತಟ್ಟಿಬಿಟ್ರೆ ಮುಗೀತು, ಯಾರು ನೋಡ್ತಾರೆ? ಅದಕ್ಕೇ ಒಳಗೆ ಯಾರನ್ನ ಕಳಿಸ್ಬೇಕು ಅಂತ ಫೋರ್‌ಮನ್ ಯೋಚ್ನೆ ಮಾಡೋರು."

ಟೂಲ್‌ಗಳಿಗೂ ಲೆಕ್ಕ ಇತ್ತಂತೆ. ಸ್ಪ್ಯಾನರ್ ಬೇಕಾದರೆ ನಂಬರ್ ಇರೋ ಹಿತ್ತಾಳೆ ಟೋಕನ್ ಕೊಡಬೇಕು, ಸ್ಪ್ಯಾನರ್ ವಾಪಸ್ ಕೊಟ್ಟು ಟೋಕನ್ ತಗೋಬೇಕು. ಸಂಜೆ ಒಂದು ಟೋಕನ್ ಮೊಳೆಯ ಮೇಲೇ ಉಳಿದಿದ್ದರೆ ಯಾರೂ ಮನೆಗೆ ಹೋಗೋ ಹಾಗಿಲ್ಲ. ಕಂಟ್ರೋಲ್ ಕೇಬಲ್ ಪಕ್ಕ ಮರೆತ ಒಂದು ಸ್ಕ್ರೂಡ್ರೈವರ್, ಮೇಲೆ ಹೋದಾಗ ಒಬ್ಬ ಪೈಲಟ್‌ನ ಪ್ರಾಣ ತೆಗೀಬಹುದು.

ನಾನು ಸುರಂಜನ್ ದಾಸ್ ಬಗ್ಗೆ ಕೇಳಿದೆ. 1970ರ ಜನವರಿ 10ರಂದು, ಇದೇ ಬೆಂಗಳೂರಿನಲ್ಲಿ, ಮಾರುತದ ಹೆಚ್ಚು ಶಕ್ತಿಯ ಎಂಜಿನ್‌ನ ಒಂದು ಮಾದರಿಯನ್ನ ಪರೀಕ್ಷೆ ಮಾಡುವಾಗ ವಿಮಾನ ಬಿದ್ದು ಅವರು ತೀರಿಕೊಂಡರು. ಆ ವರ್ಷ ಅವರಿಗೆ ಮರಣೋತ್ತರ ಪದ್ಮಭೂಷಣ ಬಂತು. ದೊಡ್ಡಪ್ಪನಿಗೆ ಆಗ ಇಪ್ಪತ್ನಾಲ್ಕು ಇರಬೇಕು.

ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು. "ನಮ್ಗೆ ಯಾರೂ ಏನೂ ಅನ್ಲಿಲ್ಲ. ಅದು ನಾವು ಮಾಡಿದ ಮಿಷಿನ್ನೂ ಅಲ್ಲ, ಬೇರೆ ಶಾಪಿಂದು. ಆದ್ರೂ ಆ ರಾತ್ರಿ ನಿದ್ದೆ ಬರ್ಲಿಲ್ಲ. ಅಷ್ಟು ವರ್ಷದಲ್ಲಿ ಎರಡು ತಟ್ಟಿದ್ದೆಲ್ಲ ನೆನಪು ಮಾಡ್ಕೊಂಡೆ. ಎಲ್ಲ ಸರಿಯಾಗೇ ತಟ್ಟಿದ್ನಾ ಅಂತ. ಶಾಪಲ್ಲಿ ಎಲ್ರೂ ಹಾಗೇ. ಮಾರನೇ ದಿನ ಯಾರನ್ನ ನೋಡಿದ್ರೂ ಕಣ್ಣು ಕೆಂಪಗೆ."

ಮರುವರ್ಷ ಡಿಸೆಂಬರ್‌ನಲ್ಲಿ ಯುದ್ಧ ಬಂತು. ರಾಜಸ್ಥಾನದ ಗಡಿಯಲ್ಲಿ ಮಾರುತಗಳು ನೆಲಕ್ಕೆ ಹತ್ತಿರ ಹಾರಿ ದಾಳಿ ಮಾಡಿದವು. ನೆಲದಿಂದ ಗುಂಡೇಟು ತಿಂದು, ಒಂದೇ ಎಂಜಿನ್‌ನಲ್ಲಿ ವಾಪಸ್ ಬಂದ ಮಾರುತಗಳಿದ್ದವು. ಆಕಾಶದ ಕಾಳಗದಲ್ಲಿ ಶತ್ರು ವಿಮಾನಕ್ಕೆ ಒಂದು ಮಾರುತವೂ ಬಲಿಯಾಗಲಿಲ್ಲ. ಎಂಜಿನ್ ಬಡವಾಗಿತ್ತು, ಮೈ ಗಟ್ಟಿಯಾಗಿತ್ತು. ಎಲ್ಲ ಪುಸ್ತಕಗಳೂ ಈ ಮಾತನ್ನ ಒಂದಲ್ಲ ಒಂದು ಥರ ಹೇಳುತ್ತವೆ. ಆ ಮೈಯನ್ನ ಒಳಗಿನಿಂದ ತಟ್ಟಿದವರ ಹೆಸರು ಮಾತ್ರ ಯಾವ ಪುಸ್ತಕದಲ್ಲೂ ಇರೋದಿಲ್ಲ.

ಅಂಗಳದಲ್ಲೇ ಮುಂದೆ ಹೋದರೆ ಪಿಎಸ್‌ಎಲ್‌ವಿ ರಾಕೆಟ್‌ನ ಉಷ್ಣಕವಚ ಇದೆ. 3.2 ಮೀಟರ್ ಅಗಲದ ದೊಡ್ಡ ಬಿಳಿ ಟೊಪ್ಪಿ. ಉಪಗ್ರಹ ಕೂರೋದು ಇದರೊಳಗೆ. ರಾಕೆಟ್ ದಟ್ಟ ವಾತಾವರಣ ಸೀಳಿಕೊಂಡು ಮೇಲಕ್ಕೆ ಹೋಗುವಾಗ ಗಾಳಿಯ ಹೊಡೆತ, ಬಿಸಿ ಎಲ್ಲವನ್ನೂ ಇದು ತಡ್ಕೊಳ್ಳುತ್ತೆ. ಸುಮಾರು ಮೂರು ನಿಮಿಷ. ಆಮೇಲೆ ಎರಡು ಹೋಳಾಗಿ ಬಿಚ್ಚಿಕೊಂಡು ಕೆಳಗೆ ಬೀಳುತ್ತೆ. ಆ ಮೂರು ನಿಮಿಷಕ್ಕೆ ತಿಂಗಳುಗಟ್ಟಲೆ ಕೆಲಸ. ಅಂಗಳದಲ್ಲಿ ನಿಂತಿರೋದು ಹಾರದೇ ಉಳಿದ ಕವಚ. ಹಾರಿದ್ದರೆ ಸಮುದ್ರದಲ್ಲಿರುತ್ತಿತ್ತು.

ಪಿಎಸ್‌ಎಲ್‌ವಿಯ ಮೊದಲ ಹಾರಾಟ 1993ರ ಸೆಪ್ಟೆಂಬರ್ 20ರಂದು. ಅದು ಕಕ್ಷೆ ತಲುಪಲಿಲ್ಲ. ಕಾರಣಗಳಲ್ಲಿ ಒಂದು, ರಾಕೆಟ್‌ನ ದಿಕ್ಕು ನಿಯಂತ್ರಿಸೋ ಸಾಫ್ಟ್‌ವೇರ್‌ನಲ್ಲಿದ್ದ ದೋಷ. ನನ್ನ ಕಸುಬಿನವರು ಇದನ್ನ ಓದಿದರೆ ಹೊಟ್ಟೆಯಲ್ಲಿ ಏನೋ ಆಗುತ್ತೆ. ಅದೇ ತಂಡ ಕೂತು ಹುಡುಕಿ, ತಿದ್ದಿ, 1994ರ ಅಕ್ಟೋಬರ್‌ನಲ್ಲಿ ಮತ್ತೆ ಹಾರಿಸಿತು. ಈ ಸಲ ತಲುಪಿತು. 2008ರಲ್ಲಿ ಚಂದ್ರಯಾನ-1, 2013ರಲ್ಲಿ ಮಂಗಳಯಾನ ಹೊರಟಿದ್ದು ಇದೇ ರಾಕೆಟ್‌ನ ಬೆನ್ನ ಮೇಲೆ.

ಮಾರುತ ಮತ್ತು ಈ ಬಿಳಿ ಕವಚ ಒಂದೇ ಅಂಗಳದಲ್ಲಿವೆ. ಎರಡೂ ಮೊದಲ ಪ್ರಯತ್ನದಲ್ಲಿ ಅಂದುಕೊಂಡ ಗುರಿ ಮುಟ್ಟಲಿಲ್ಲ. ಒಂದಕ್ಕೆ ಎರಡನೇ ಸಲ ಸಿಕ್ಕಿತು, ಇನ್ನೊಂದಕ್ಕೆ ಸಿಗಲಿಲ್ಲ. ಮಾರುತದ ಮುಂದಿನ ರೂಪಗಳ ಯೋಚನೆಗಳು ಯೋಚನೆಗಳಾಗೇ ಉಳಿದವು. ವಿನ್ಯಾಸ ಮಾಡಿದವರು, ಹಾರಿಸಿ ಪರೀಕ್ಷೆ ಮಾಡಿದವರು ಚದುರಿಹೋದರು, ರಿಟೈರ್ ಆದರು. ನಮ್ಮದೇ ವಿನ್ಯಾಸದ ಮುಂದಿನ ಫೈಟರ್ ತೇಜಸ್ ಹಾರಿದ್ದು 2001ರ ಜನವರಿ 4ರಂದು. ಮಾರುತ ಹಾರಿ ನಲವತ್ತು ವರ್ಷ ಆಗುತ್ತಾ ಬಂದಿತ್ತು. ತೇಜಸ್‌ಗೆ ಅಂತ ಇಲ್ಲೇ ಮಾಡಹೊರಟ ಕಾವೇರಿ ಎಂಜಿನ್ ಅದರೊಳಗೆ ಕೂರಲಿಲ್ಲ. ಹಾರುತ್ತಿರೋದು ಅಮೆರಿಕದ ಎಂಜಿನ್‌ನಲ್ಲಿ.

"ಎಂಜಿನ್ ಸಿಗದೇ ಇದ್ದಿದ್ದು ಅಂಥ ದೊಡ್ಡ ವಿಷಯ ಅಲ್ಲಮ್ಮಾ," ಅಂದ್ರು ದೊಡ್ಡಪ್ಪ, ಕಲ್ಲುಬೆಂಚಿನ ಮೇಲೆ ಕೂತು. "ಇವತ್ತು ಸಿಗ್ಲಿಲ್ಲ, ನಾಳೆ ಸಿಗ್ತಿತ್ತು. 77ರಲ್ಲಿ ಲೈನ್ ನಿಂತ ಮೇಲೆ ನನ್ನ ಅಜೀತ್‌ಗೆ ಹಾಕಿದ್ರು, ಆಮೇಲೆ ಜಾಗ್ವಾರ್. ಡ್ರಾಯಿಂಗ್ ಇಂಗ್ಲೆಂಡಿಂದ ಬರೋದು. ಅದ್ರಲ್ಲಿ ಬರ್ದಿರೋ ಹಾಗೆ ಮಾಡೋದು, ಅಷ್ಟೇ. ಮಾರುತದಲ್ಲಿ ಹಾಗಲ್ಲ. ತೂತು ಎರಡು ಕೂದ್ಲೆಳೆ ಆಚೀಚೆ ಬಂದ್ರೆ ಮೇಲೆ ಹೋಗಿ ಡ್ರಾಯಿಂಗ್ ಬರ್ದೋರನ್ನೇ ಕೇಳ್ಬಹುದಿತ್ತು. ಅವ್ರೂ ಕೆಳಗಿಳಿದು ಬರೋರು. 'ನೀನು ಹೇಳಿದ್ದು ಸರಿ ಕಣಯ್ಯಾ' ಅಂತ ತಿದ್ಕೊಂಡು ಹೋಗೋರು. ಅದು ನಿಂತುಹೋಯ್ತು ನೋಡು."

ಅವರ ಹತ್ತಿರ ಒಂದು ನೋಟ್‌ಬುಕ್ ಇತ್ತಂತೆ. ಯಾವ ಜಾಗದಲ್ಲಿ ತಗಡು ಸೆಟೆದುಕೊಳ್ಳುತ್ತೆ, ಯಾವ ರಿವೆಟ್ ಮೊದಲು ಹೊಡೀಬೇಕು, ಯಾವುದು ಮೊದಲ ಸಲ ಕೆಟ್ಟಿತು, ಯಾಕೆ. ಎಲ್ಲ ಕನ್ನಡದಲ್ಲಿ. ಕಾರ್ಖಾನೆಯಿಂದ ಹೊರಗೆ ತರೋ ಹಾಗಿರಲಿಲ್ಲ, ರಿಟೈರ್ ಆದ ದಿನ ಶಾಪಿನ ಒಬ್ಬ ಹುಡುಗನ ಕೈಗೆ ಕೊಟ್ಟು ಬಂದರು. "ಓದಿದ್ನೋ ಇಲ್ವೋ," ಅಂದ್ರು.

ಆಮೇಲೆ ನನ್ನ ಕಡೆ ತಿರುಗಿ ಕೇಳಿದರು. "ನಿಮ್ದು ಮುಚ್ಚಿದ್ರಂತಲ್ಲ, ನಿಮ್ಮಪ್ಪ ಹೇಳ್ದ. ಮೂರು ವರ್ಷದ್ದು ನೋಡೋಕೆ ಏನಾದ್ರೂ ಸಿಗುತ್ತಾ?"

"ಇಲ್ಲ ದೊಡ್ಡಪ್ಪ. ಸರ್ವರ್ ಆಫ್ ಮಾಡಿದ್ರೆ ಏನೂ ಇರಲ್ಲ."

"ನಿಲ್ಸೋಕೂ ಒಂದು ಜಾಗ ಬೇಡ ಅನ್ನು," ಅಂತ ನಕ್ಕರು. "ಜೊತೆಗಿದ್ದೋರು?"

ಜೊತೆಗಿದ್ದವರು ಈಗ ಏಳು ಕಡೆ ಇದ್ದಾರೆ. ಮುಚ್ಚಿದಾಗಿನಿಂದ ನನಗಿದ್ದ ಸಂಕಟ ಕೋಡ್‌ನದ್ದು ಅಂತಲೇ ಅಂದುಕೊಂಡಿದ್ದೆ. ಆದರೆ ಕೋಡ್ ಮತ್ತೆ ಬರೀಬಹುದು, ಎರಡನೇ ಸಲ ಇನ್ನೂ ಚೆನ್ನಾಗೇ ಬರುತ್ತೆ. ಮೂರು ವರ್ಷ ಜಗಳ ಆಡಿ ಆಡಿ, ಯಾರು ಯಾವುದನ್ನ ಸರಿಯಾಗಿ ನೋಡ್ತಾರೆ ಅಂತ ಒಬ್ಬರಿಗೊಬ್ಬರು ತಿಳ್ಕೊಂಡ ಹನ್ನೊಂದು ಜನ ಸಿಗೋದಿಲ್ಲ. ಗೋಡೆಯ ಆಚೆಯಿಂದ ಎರಡು ಸಲ ತಟ್ಟಿದರೆ ನೋಡದೇ ನಂಬಬಹುದಾದವರು. ಕಂಪನಿಗಳಿಗೆ ಮುಚ್ಚೋ ಹಕ್ಕಿದೆ, ಎಲ್ಲ ಪ್ರಾಡಕ್ಟೂ ಉಳೀಬೇಕು ಅಂತ ಏನಿಲ್ಲ. ಆದರೆ ಮುಚ್ಚಿದಾಗ ಉಳಿದ ಹಣವನ್ನ ಲೆಕ್ಕ ಹಾಕೋರು, ಚದುರಿದ ತಿಳಿವಳಿಕೆಯನ್ನ ಯಾವ ಸ್ಲೈಡ್‌ನಲ್ಲೂ ತೋರಿಸೋದಿಲ್ಲ. ಅದರ ಬೆಲೆ ಗೊತ್ತಾಗೋದು ಮುಂದಿನ ಸಲ ಅದೇ ಕೆಲಸ ಶುರುಮಾಡಿದಾಗ, ಸೊನ್ನೆಯಿಂದ.

ನಾವು ಹೊರಡೋ ಹೊತ್ತಿಗೆ ಪಕ್ಕದ ರನ್‌ವೇ ಕಡೆಯಿಂದ ಜೋರು ಸದ್ದು ಬಂತು. 2008ರ ಮೇನಲ್ಲಿ ದೇವನಹಳ್ಳಿಯ ಏರ್‌ಪೋರ್ಟ್ ಶುರುವಾದ ಮೇಲೆ ನಮ್ಮ ನಿಮ್ಮ ವಿಮಾನಗಳು ಆ ಕಡೆ ಹೋದವು, ಪರೀಕ್ಷೆಯ ಹಾರಾಟಗಳು ಮಾತ್ರ ಇನ್ನೂ ಇಲ್ಲೇ. ದೊಡ್ಡಪ್ಪ ಮೇಲೆ ನೋಡಲಿಲ್ಲ, ತಲೆ ಸ್ವಲ್ಪ ಓರೆ ಮಾಡಿ ಕೇಳಿಸಿಕೊಂಡರು.

ಆ ವಾರ ನಾನು ಡಾಕ್ಯುಮೆಂಟ್ ಬರೆದು ಮುಗಿಸಿದೆ. ಏನು ಕೆಲಸ ಮಾಡಿತು ಅನ್ನೋದು ನಾಲ್ಕು ಪುಟ. ಏನು ಕೆಲಸ ಮಾಡಲಿಲ್ಲ, ಯಾಕೆ ಮಾಡಲಿಲ್ಲ, ಅದನ್ನ ಕಂಡುಹಿಡಿದವರು ಯಾರು ಅನ್ನೋದು ಹದಿನೇಳು ಪುಟ, ಎಲ್ಲರ ಹೆಸರಿನ ಜೊತೆ. ಯಾವುದೋ ಫೋಲ್ಡರ್‌ನಲ್ಲಿ ಬಿದ್ದಿರುತ್ತೆ. ಯಾರಾದರೂ ಓದ್ತಾರೋ ಇಲ್ಲವೋ. ಉಳಿದ ಹತ್ತು ಜನಕ್ಕೂ ಒಂದೊಂದು ಫೋನ್ ಮಾಡಿ, ತಪ್ಪಿದ್ದರೆ ಹೇಳಿ ಅಂದೆ. ಆರು ಜನ ತಿದ್ದಿಸಿದರು. ಒಬ್ಬ ಮಾತ್ರ ಮುಕ್ಕಾಲು ಗಂಟೆ ಜಗಳ ಆಡಿದ, ಹಳೇ ಥರಾನೇ.

ನೀವೂ ಒಂದು ಸಲ ಆ ಮ್ಯೂಸಿಯಂಗೆ ಹೋಗಿಬನ್ನಿ. ಮನೆಯಲ್ಲೋ ಪಕ್ಕದ ಮನೆಯಲ್ಲೋ ಯಾವುದಾದರೂ ಕಾರ್ಖಾನೆಯಲ್ಲಿ ದುಡಿದ ಹಿರಿಯರಿದ್ದರೆ ಜೊತೆಗೆ ಕರ್ಕೊಂಡು ಹೋಗಿ. ವಿಮಾನದವರೇ ಆಗಬೇಕಂತಿಲ್ಲ, ವಾಚು ಮಾಡಿದವರು, ಟೆಲಿಫೋನ್ ಮಾಡಿದವರು, ಲೇತ್ ಮೇಲೆ ನಿಂತವರು ಯಾರಾದರೂ ಸರಿ. ಕುಡಿಯೋಕೆ ನೀರು ತಗೊಳ್ಳಿ, ಎರಡು ಗಂಟೆ ಜಾಸ್ತಿ ಇಟ್ಕೊಳ್ಳಿ. ಅವರು ಒಂದು ರೆಕ್ಕೆಯ ಕೆಳಗೆ ಹೋಗಿ ನಿಂತರು ಅಂದ್ರೆ, ಬೇಗ ಈಚೆ ಬರೋದಿಲ್ಲ.